ಡಯಾನಾ: ಹೊಳೆಯ ಹೊಗೆಹಡಗೊಂದು ಸಮರನೌಕೆಯಾದ ವೃತ್ತಾಂತ

ಉಗಿಶಕ್ತಿಯ ಚರಿತ್ರೆಯನ್ನು ಬೋಧಿಸುವಾಗ ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಜೇಮ್ಸ್ ವಾಟನಿಂದ ಮೊದಲ್ಗೊಂಡು, ೧೮೦೭ರಲ್ಲಿ ಹಡ್ಸನ್ ನದಿಯ ಮೇಲೆ ಉಗಿದೋಣಿಯನ್ನು ನಡೆಯಿಸಿದ ರಾಬರ್ಟ್ ಫುಲ್ಟನ್ನನ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ, ಸ್ಟೀಫನ್‌ಸನ್ನನ ಹೊಗೆಬಂಡಿಯಲ್ಲಿ ಬಂದು ನಿಲ್ಲುತ್ತವೆ. ಇವೆಲ್ಲವೂ ದೂರದೇಶದ ಮಾತುಗಳು. ನಮ್ಮ ಮಕ್ಕಳು ಅವನ್ನು ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತರೆ ಅವರನ್ನು ದೂರುವಂತಿಲ್ಲ. ಆದರೆ ಉಗಿಯ ಬಲದಿಂದ ನಡೆಯುವ ನೌಕೆಯೊಂದು ಮೊತ್ತಮೊದಲಾಗಿ ಕಾಳಗದಲ್ಲಿ ಭಾಗವಹಿಸಿದುದು ಯೂರೋಪಿನಲ್ಲಿಯೂ ಅಲ್ಲ, ಅಮೆರಿಕೆಯಲ್ಲಿಯೂ ಅಲ್ಲ. ನಮ್ಮ ನೆರೆಯ ಬ್ರಹ್ಮದೇಶದ ಐರಾವತಿ ನದಿಯಲ್ಲಿ ಎಂದು ನೌಕಾಚರಿತ್ರೆಯನ್ನು ಬರೆದವರು ಎಣಿಸುತ್ತಾರೆ. ಆ ನೌಕೆಯನ್ನು ಕಟ್ಟಿದುದು ಕಲ್ಕತ್ತೆಯಲ್ಲಿ. ಅದರ ಮೇಲಿನಿಂದ ಹಾರಿದ ಆಯುಧದ ಮೂಲವಾದರೋ ಶ್ರೀರಂಗಪಟ್ಟಣದಲ್ಲಿ. ಹಾಗಿರುವಾಗ ಈ ವೃತ್ತಾಂತವನ್ನು ಕನ್ನಡದಲ್ಲಿ ಹೇಳಿಕೊಳ್ಳುವ ಹಕ್ಕು ನಮಗೆ ಸಾಕಷ್ಟು ಉಂಟೆಂದು ನನ್ನ ಭಾವನೆ.

ಫುಲ್ಟನ್ನನು ತಾನೇ ೧೮೧೪ರಲ್ಲಿ ನ್ಯೂಯಾರ್ಕ್ ಬಂದರಿನ ರಕ್ಷಣೆಗೆಂದು ಉಗಿಯ ಸಮರನೌಕೆಯೊಂದನ್ನು ಕಟ್ಟಿಸಿದ್ದನು. ಆದರೆ ಅದು ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು. ಯುದ್ಧಕ್ಕಾಗಿಯೇ ಹುಟ್ಟಿದ ಆ ನೌಕೆ ಯುದ್ಧವನ್ನು ಕಾಣಲಿಲ್ಲ. ನಮ್ಮ ಕಥೆಯ ನೌಕೆಯಾದರೋ ಹೊಳೆಯಲ್ಲಿ ಸರಕು ಸಾಗಿಸಲೆಂದು ಹುಟ್ಟಿ ರಣರಂಗವನ್ನು ಸೇರಿತು.

ಭರತಖಂಡದಲ್ಲಿ ಉಗಿದೋಣಿಯ ಮೊದಲ ಹೆಜ್ಜೆ ವಿನೋದಾರ್ಥವಾಗಿ ಇಟ್ಟದ್ದು. ೧೮೧೯ರಲ್ಲಿ ಲಖನೌವಿನ ನವಾಬ ಗಾಜಿಉದ್ದೀನ್ ಹೈದರನಿಗಾಗಿ ಎಂಟು ಕುದುರೆಬಲದ ಯಂತ್ರವನ್ನಿಟ್ಟ ಸಣ್ಣ ದೋಣಿಯೊಂದು ಸಿದ್ಧವಾಯಿತು. ಅರಸರ ಜಲವಿಹಾರಕ್ಕಿಂತ ಹೆಚ್ಚಿನ ಪ್ರಯೋಜನ ಅದರಿಂದ ಆಗಲಿಲ್ಲ. ಅದೇ ಸುಮಾರಿಗೆ ಆಂಗ್ಲ ವ್ಯಾಪಾರಿಯೊಬ್ಬನು ಹದಿನಾರು ಹದಿನಾರು ಕುದುರೆಬಲದ ಎರಡು ಯಂತ್ರಗಳನ್ನು ಇಂಗ್ಲೆಂಡಿನಿಂದ ಹಡಗಿಗೇರಿಸಿ ಚೀನಾದ ಕ್ಯಾಂಟನ್ನಿಗೆ ಒಯ್ದನು. ಅಲ್ಲಿಯ ನದಿಯಲ್ಲಿ ಹೊಗೆದೋಣಿ ನಡೆಸಿದರೆ ಲಾಭವಿದೆಯೆಂಬುದು ಅವನ ಲೆಕ್ಕಾಚಾರ. ಕ್ಯಾಂಟನ್ನಿನಲ್ಲಿ ಕೊಳ್ಳುವವರು ಸಿಕ್ಕಲಿಲ್ಲ. ಮಾರಾಟವಾಗದ ಸರಕನ್ನು ಸಂತೆಯಿಂದ ಸಂತೆಗೆ ಹೊರುವವನಂತೆ ಅವನು ಅದನ್ನು ಕಲ್ಕತ್ತೆಗೆ ತಂದನು. ಆ ಯಂತ್ರಗಳಿಗೆ ಒಡಲನ್ನು ಕೊಟ್ಟದ್ದು ಕಿದ್ದರ್‌ಪುರದ ಕಿಡ್ ಎಂಬವರ ನೌಕಾಕರ್ಮಶಾಲೆ. ಈ ಜೇಮ್ಸ್ ಕಿಡ್ಡನು ಆಂಗ್ಲ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದವನು, ತನ್ನ ಕಾಲದ ಬಂಗಾಳದಲ್ಲಿ ಹಡಗು ಕಟ್ಟುವವರ ಪೈಕಿ ಅಗ್ರಗಣ್ಯನು. ೧೮೨೩ನೆಯ ಇಸವಿ ಜುಲೈ ೧೨ರಂದು ಹೊಸ ನೌಕೆ ಹೂಗ್ಲಿಯ ನೀರಿಗಿಳಿಯಿತು. ರೋಮನರ ಪುರಾಣದ ಬೇಟೆಯ ದೇವಿಯ ಹೆಸರಿನಿಂದ ಅದನ್ನು ಡಯಾನಾ ಎಂದು ಕರೆದರು.

ನೌಕೆಯ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಮರದ ಒಡಲು; ನಡುವಿನಲ್ಲಿ ಕುಲುಮೆ, ನೀರು ಕಾಯುವ ಹಂಡೆ ಮತ್ತು ಯಂತ್ರ; ಅದರ ಮೇಲೆ ನೆಟ್ಟ ಅಡಕೆಮರದಂತೆ ನೆಟ್ಟಗೆ ನಿಂತ ಹೊಗೆಕೊಳವೆ; ಎರಡು ಪಕ್ಕಗಳಲ್ಲಿಯೂ ಹಲಗೆಗಳನ್ನು ಜೋಡಿಸಿದ ದೊಡ್ಡ ಚಕ್ರಗಳು. ಹಂಡೆಯ ಉಗಿ ಕೊಂತವನ್ನು ಮೇಲಕ್ಕೂ ಕೆಳಕ್ಕೂ ದೂಡುತ್ತದೆ, ಕೊಂತದ ಓಲಾಟ ತಿರುಗಚ್ಚನ್ನು ತಿರುಗಿಸುತ್ತದೆ, ಚಕ್ರದ ಹಲಗೆಗಳು ನೀರನ್ನು ಹಿಂದಕ್ಕೆ ಬಡಿಯುತ್ತವೆ, ನೌಕೆ ಮುಂದಕ್ಕೆ ಸರಿಯುತ್ತದೆ. ಎರಡು ಯಂತ್ರಗಳೂ ಸೇರಿ ಮೂವತ್ತೆರಡು ಕುದುರೆಬಲ. ಇಂದು ನಮ್ಮ ತೋಟಗಳಿಗೆ ಮಣ್ಣು ಗೊಬ್ಬರ ಹೊರುವ ಅನೇಕ ಟ್ರಾಕ್ಟರುಗಳಿಗೆ ಇದಕ್ಕಿಂತ ಹೆಚ್ಚಿನ ಬಲವುಂಟು. ಒಂದು ಟ್ರಾಕ್ಟರಿನಷ್ಟು ಬಲ ಒಂದು ರಾಜ್ಯದ ಹಣೆಬರಹದಲ್ಲಿ ಕೈಯಾಡಿಸಿತೆಂದರೆ ಮಕ್ಕಳು ನಗುವುದುಂಟು. ನಗಲಿ. ಆದರೆ ಹುಟ್ಟುಹಾಕುವ ಮನುಷ್ಯನಿಗೆ ತೋಳು ಸೋಲುತ್ತದೆ; ಚಕ್ರಕ್ಕೆ ತೋಳಿಲ್ಲ. ಕುಲುಮೆಯಲ್ಲಿ ಬೆಂಕಿ ಇರುವಷ್ಟು ಹೊತ್ತು ಅದು ಒಂದೇ ಸಮನೆ ತಿರುಗುತ್ತಿರುತ್ತದೆ. ಈ ಒಂದು ಮಾತಿನಲ್ಲಿ ಮುಂದೆ ಬರುವ ಕಥೆಯ ತಿರುಳು ಅಡಗಿದೆ.

ಹೂಗ್ಲಿಯಲ್ಲಿ ಡಯಾನಾ ಕೆಲವು ತಿಂಗಳು ಜನರನ್ನು ಸಾಗಿಸಿತು, ಹಾಯಿಹಡಗುಗಳನ್ನು ಹಗ್ಗಕಟ್ಟಿ ಎಳೆಯಿತು. ಒಡೆಯರಿಗೆ ಅದರಿಂದ ಅಂತಹ ಗಳಿಕೆಯೇನೂ ಆದಂತಿಲ್ಲ. ಅಷ್ಟರಲ್ಲಿ ರಾಜಕಾರಣ ಬೇರೊಂದು ದಾರಿ ಹಿಡಿದಿತ್ತು. ಅಸ್ಸಾಮು, ಮಣಿಪುರ, ಅರಾಕಾನುಗಳ ಗಡಿಗಳಲ್ಲಿ ಬ್ರಹ್ಮದೇಶದ ಆವಾ ರಾಜ್ಯಕ್ಕೂ ಕುಂಪಣಿ ಸರಕಾರಕ್ಕೂ ಜಗಳ ಬೆಳೆದು, ೧೮೨೪ನೆಯ ಮಾರ್ಚ್ ೫ರಂದು ಗವರ್ನರ್ ಜನರಲ್ ಆಮ್‌ಹರ್ಸ್ಟನು ಯುದ್ಧವನ್ನು ಸಾರಿದನು. ಗಡಿಯ ಕಾಡುಗಳಲ್ಲಿ ಸೈನ್ಯ ನಡೆಸುವುದು ಕಷ್ಟ. ಆದುದರಿಂದ ಕಡಲ ಮಾರ್ಗವಾಗಿ ರಂಗೂನನ್ನು ಹಿಡಿದು ಅಲ್ಲಿಂದ ಐರಾವತಿಯಲ್ಲಿ ಮೇಲಕ್ಕೇರಿ ರಾಜಧಾನಿಯಾದ ಆವಾವನ್ನು ಮುಟ್ಟಬೇಕೆಂದು ಯೋಜನೆ. ಈ ದಂಡಿನ ಜೊತೆಗೆ ಹೊರಟ ಲಾರ್ನ್ ಎಂಬ ರಾಜನೌಕೆಯ ಕಪ್ತಾನ ಫ್ರೆಡರಿಕ್ ಮಾರಿಯಟ್ ಎಂಬವನು, ಮುಂದೆ ಕಡಲಿನ ಕಾದಂಬರಿಗಳನ್ನು ಬರೆದು ಖ್ಯಾತನಾದವನು, ಡಯಾನಾವನ್ನು ಕೊಂಡು ಜೊತೆಗೆ ಒಯ್ಯಬೇಕೆಂದು ಒತ್ತಾಯಪಡಿಸಿದನು. ಕುಂಪಣಿಯವರು ೮೦,೦೦೦ ರೂಪಾಯಿ ಕೊಟ್ಟು ಅದನ್ನು ಕೊಂಡರು. ಹೊಳೆಯ ದೋಣಿಗೆ ತಿರುಗುವ ಕಿರುಫಿರಂಗಿಗಳನ್ನೂ ಅಗ್ನಿಬಾಣಗಳನ್ನು ಹಾರಿಸುವ ಸಲಕರಣೆಯನ್ನೂ ಜೋಡಿಸಿದರು. ಇಷ್ಟೇ ಮಾರ್ಪಾಟು, ಇಷ್ಟರಿಂದಲೇ ಅದು ಸಮರನೌಕೆಯೆನಿಸಿತು.

ಅಗ್ನಿಬಾಣಗಳ ವಿಚಾರವನ್ನು ಹೀಗೆ ಒಂದು ಮಾತಿನಲ್ಲಿ ದಾಟಿಹೋಗಲು ಕನ್ನಡಿಗನಿಗೆ ಮನಸ್ಸು ಬಾರದು. ಇವುಗಳನ್ನು ಆಂಗ್ಲರು ಕಾಂಗ್ರೀವ್ ಬಾಣಗಳೆಂದು ಕರೆಯುತ್ತಿದ್ದರು. ವಿಲಿಯಮ್ ಕಾಂಗ್ರೀವನು ಇವನ್ನು ರೂಪಿಸಿದುದು ೧೮೦೪ರ ಅನಂತರ. ಅದಕ್ಕೆ ಪ್ರೇರಣೆಯಾದುದು ಹೈದರಾಲಿ ಟಿಪ್ಪುಸುಲ್ತಾನರ ಮೈಸೂರು ಸೈನ್ಯದ ಬಾಣಗಳು. ಬಿದಿರಿನ ಅಥವಾ ಕಾಗದದ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು, ಉದ್ದವಾದ ಬಿದಿರಿನ ಗಳುವಿಗೆ ಬಿಗಿದು ಹಾರಿಸುವ ವಿದ್ಯೆಯಲ್ಲಿ ಮೈಸೂರಿನ ಬಾಣಗಾರರನ್ನು ಮೀರಿಸುವವರು ಆಗ ಲೋಕದಲ್ಲಿರಲಿಲ್ಲ. ೧೭೮೦ರ ಪೊಳ್ಳಿಲೂರು ಕಾಳಗದಲ್ಲಿ ಕುಂಪಣಿಯ ದಂಡಿಗೆ ಅದರ ಪರಿಚಯ ಚೆನ್ನಾಗಿಯೇ ಆಗಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಸಿಕ್ಕಿದ ಬಾಣಗಳ ಮಾದರಿಗಳು ಇಂಗ್ಲೆಂಡಿಗೆ ಹೋದುವು. ಅಲ್ಲಿ ಅವನ್ನು ಅಳೆದರು, ತೂಗಿದರು, ತಿದ್ದಿದರು, ಬೇರೊಂದು ಹೆಸರಿಟ್ಟರು. ಇಪ್ಪತ್ತೈದು ವರ್ಷಗಳ ತರುವಾಯ ಅವು ಐರಾವತಿಯ ಮೇಲೆ, ಕುಂಪಣಿಯ ಕೈಯಿಂದ, ಬ್ರಹ್ಮದೇಶದವರ ಮರದ ಕೋಟೆಗಳ ಮೇಲೆ ಬಿದ್ದುವು.

ಈ ಭಾಗವನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ನಮ್ಮ ಬಾಣ ಎಂಬ ಅಭಿಮಾನ. ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ‘ಬರ್ಮದವರು ನಮಗೆ ಏನು ಮಾಡಿದ್ದರು, ಸಾರ್?’ ಎಂದು ಕೇಳಿದಳು. ಏನೂ ಮಾಡಿರಲಿಲ್ಲ. ಆ ಉತ್ತರವನ್ನು ನಾನು ಹಾಗೆಯೇ ಕೊಟ್ಟೆನು. ಮದರಾಸಿನಿಂದ ಹಡಗೇರಿ ಹೋದ ಸಿಪಾಯಿಗಳಿಗೂ ಅವರು ಏನನ್ನೂ ಮಾಡಿರಲಿಲ್ಲ.

ರಂಗೂನಿಗೆ ಹೋದ ಪಡೆಯ ಅರ್ಧದಷ್ಟು ಮಂದಿ ಮದರಾಸು ಸೈನ್ಯದವರು. ಆಗ ಮದರಾಸಿನ ಗವರ್ನರನಾಗಿದ್ದವನು ಸರ್ ಥಾಮಸ್ ಮುನ್ರೋ. ಈತನು ನಮ್ಮ ಕರಾವಳಿಗೆ ಹೊಸಬನಲ್ಲ. ಶ್ರೀರಂಗಪಟ್ಟಣದ ಪತನಾನಂತರ ೧೭೯೯ರಲ್ಲಿ, ಕಾರವಾರದಿಂದ ಹಿಡಿದು ನಮ್ಮ ಕಾಸರಗೋಡು, ಬೇಕಲಗಳವರೆಗೆ ಹಬ್ಬಿದ್ದ ಆಗಿನ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದವನು ಇವನೇ. ಇಲ್ಲಿಯ ಬಿಡದ ಮಳೆಗೂ ಹೊಳೆಗಳಿಗೂ ಬೇಸತ್ತು, ವರ್ಗವನ್ನು ಬೇಡಿ, ೧೮೦೦ರಲ್ಲಿಯೇ ಇಲ್ಲಿಂದ ಹೊರಟನು. ನಮ್ಮ ಮಳೆಗಾಲವನ್ನು ತಾಳಲಾರದೆ ಹೋದವನು ಕಾಲು ಶತಮಾನದ ಬಳಿಕ ಬ್ರಹ್ಮದೇಶದ ಮಳೆಗೆ ಸಾವಿರಾರು ಸಿಪಾಯಿಗಳನ್ನು ಕಳುಹಿಸಿಕೊಡಬೇಕಾಗಿ ಬಂದುದು ವಿಧಿವಿಲಾಸವೆನ್ನಬೇಕು. ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ಮರಳಬೇಕೆಂದಿದ್ದ ಮುನ್ರೋ ಈ ಯುದ್ಧದ ಕಾರಣದಿಂದಲೇ ನಿಂತನು. ಸೈನ್ಯ, ಎತ್ತು, ದೋಣಿ, ದವಸಗಳನ್ನು ಒದಗಿಸಿದ ಸೇವೆಗಾಗಿ ೧೮೨೫ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ಬಂದಿತು. ಸ್ವದೇಶವನ್ನು ಮಾತ್ರ ಅವನು ಮತ್ತೆ ಕಾಣಲಿಲ್ಲ. ೧೮೨೭ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.

ಬಂಗಾಳದ ಸಿಪಾಯಿಗಳು ಈ ಯುದ್ಧಕ್ಕೆ ಹೊರಡಲು ಮನಸ್ಸು ಮಾಡಲಿಲ್ಲ. ಕಡಲು ದಾಟುವ ಭಯ, ಸಾಮಾನು ಹೊರಲು ಎತ್ತುಗಳಿಲ್ಲದ ಕಷ್ಟ, ಇವನ್ನು ಹೇಳಿಕೊಂಡು ಬಾರಕ್‌ಪುರದಲ್ಲಿ ೪೭ನೆಯ ದಳದವರು ನಿಂತರು. ೧೮೨೪ರ ನವಂಬರ್ ೨ರಂದು ಅವರ ಮೇಲೆ ಫಿರಂಗಿಗಳನ್ನು ಹಾರಿಸಲಾಯಿತು. ಇತ್ತ ಅದೇ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾಗಿದ್ದನು. ಡಿಸೆಂಬರಿನಲ್ಲಿ ಕಿತ್ತೂರಿನ ಎರಡನೆಯ ಕಾಳಗದಲ್ಲಿ ಮಡಿದವರಲ್ಲಿ ಮುನ್ರೋವಿನ ಸಮೀಪಬಂಧುವೊಬ್ಬನೂ ಇದ್ದನು. ಚೆನ್ನಮ್ಮನ ಕಥೆಯನ್ನೂ ಐರಾವತಿಯ ಕಥೆಯನ್ನೂ ನಾವು ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಕಾಲಪಟದಲ್ಲಿ ಅವು ಒಂದೇ ಸಾಲಿನಲ್ಲಿ ಇವೆ.

ಇನ್ನು ರಣರಂಗಕ್ಕೆ ಬರೋಣ. ಸರ್ ಆರ್ಚಿಬಾಲ್ಡ್ ಕ್ಯಾಂಬೆಲ್ಲನ ನಾಯಕತ್ವದಲ್ಲಿ ಹಡಗುಗಳು ಅಂಡಮಾನಿನಲ್ಲಿ ಕೂಡಿಕೊಂಡು, ೧೮೨೪ನೆಯ ಮೇ ೧೧ರಂದು ರಂಗೂನನ್ನು ಹಿಡಿದುವು. ಹಿಡಿದುದೇನೋ ಸುಲಭವಾಯಿತು, ಆದರೆ ಹಿಡಿದ ಊರಿನಲ್ಲಿ ಜನವೇ ಇರಲಿಲ್ಲ. ಅಕ್ಕಿಯಿಲ್ಲ, ದನವಿಲ್ಲ, ದೋಣಿಯಿಲ್ಲ, ದೋಣಿ ನಡೆಸುವವರಿಲ್ಲ. ಊರವರೆಲ್ಲ ತಮ್ಮ ಅರಸನ ಆಜ್ಞೆಯಂತೆ ಕಾಡು ಸೇರಿದ್ದರು. ಮಳೆಗಾಲದಲ್ಲಿ ನದಿ ತುಂಬಿದಾಗ ನೈಋತ್ಯದ ಗಾಳಿಯ ಬಲದಿಂದ ಊರವರ ದೋಣಿಗಳಲ್ಲಿ ಮೇಲಕ್ಕೆ ಹೋಗಬಹುದೆಂದು ಕಲ್ಕತ್ತೆಯಲ್ಲಿ ಕುಳಿತು ಯೋಚಿಸಿದವರು, ಊರವರು ದೋಣಿಯನ್ನು ಕೊಡದಿದ್ದರೆ ಎಂಬುದನ್ನು ಯೋಚಿಸಿರಲಿಲ್ಲ. ನೆರೆಬಂದ ಚಂದ್ರಗಿರಿ ಹೊಳೆಯನ್ನು ಜೂನ್ ಜುಲೈಗಳಲ್ಲಿ ನೋಡಿದವರಿಗೆ, ತುಂಬಿದ ಹೊಳೆಯಲ್ಲಿ ಎದುರುನೀರಿಗೆ ದೋಣಿಯೊತ್ತುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮದು ನೂರು ಕಿಲೋಮೀಟರಿನಷ್ಟು ಉದ್ದದ ಹೊಳೆ. ಐರಾವತಿಯ ಉದ್ದ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು.

ಸೈನ್ಯ ಶ್ವೇದಗೋನ್ ದೇವಾಲಯದ ಸುತ್ತ ಬಿಡಾರ ಹೂಡಿ ಆರು ತಿಂಗಳ ಮಳೆಯನ್ನು ಕಳೆಯಿತು. ಹಾಳಾದ ಮಾಂಸ, ಹುಳುಹಿಡಿದ ಬಿಸ್ಕತ್ತು, ಜ್ವರ, ಆಮಶಂಕೆ. ಶತ್ರುವಿನ ಕತ್ತಿಗಿಂತ ಜ್ವರದ ಕೈಗೆ ಸಿಕ್ಕಿ ಸತ್ತವರೇ ಹೆಚ್ಚು. ಈ ಯುದ್ಧ ಮುಗಿಯುವಷ್ಟರಲ್ಲಿ ಎಲ್ಲಾ ರಂಗಗಳಲ್ಲಿ ಸೇರಿ ಕುಂಪಣಿಯ ಪಕ್ಷದ ಸುಮಾರು ೧೫,೦೦೦ ಮಂದಿ ಮೃತರಾದರೆಂದು ಅಂದಾಜು. ಬ್ರಹ್ಮದೇಶದವರಲ್ಲಿ ಸತ್ತವರನ್ನು ಎಣಿಸಿ ಬರೆದಿಟ್ಟವರಿಲ್ಲ.

ಈ ಆರು ತಿಂಗಳುಗಳಲ್ಲಿ ನೀರಿನ ಮೇಲೆ ನಡೆದ ಹೋರಾಟವೇ ನಮಗೆ ಇಲ್ಲಿ ಮುಖ್ಯ. ಬ್ರಹ್ಮದೇಶದವರ ಯುದ್ಧದೋಣಿಗಳು ನೀಳವಾದ ಸುಂದರ ದೋಣಿಗಳು. ಒಂದೊಂದರಲ್ಲಿ ಐವತ್ತರಿಂದ ನೂರು ಮಂದಿ ಹುಟ್ಟುಗಾರರು, ಮೂತಿಯಲ್ಲಿ ಒಂದು ಫಿರಂಗಿ. ಹಾಯಿಹಡಗು ಗಾಳಿಗಾಗಿ ಕಾದು ನಿಂತಿರುವಾಗ ಇವು ಕಾಲುವೆಗಳಿಂದ ನುಗ್ಗಿಬಂದು ಗುಂಡು ಹಾರಿಸಿ ಮಾಯವಾಗುತ್ತಿದ್ದುವು. ಇದಲ್ಲದೆ ಮರದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ, ಮಣ್ಣೆಣ್ಣೆಯ ಕೊಡಗಳನ್ನು ಪೇರಿಸಿ, ಬೆಂಕಿ ಹಚ್ಚಿ ಇಳಿನೀರಿಗೆ ಬಿಡುವುದು ಅವರ ಇನ್ನೊಂದು ತಂತ್ರ. ಲಂಗರು ಹಾಕಿದ ಹಡಗುಗಳ ಕಡೆಗೆ ಉರಿಯುವ ತೆಪ್ಪಗಳ ಸಾಲು ರಾತ್ರಿಯಲ್ಲಿ ತೇಲಿಬರುವ ನೋಟ ಎಂತಹ ಧೀರನನ್ನೂ ಕಂಗೆಡಿಸುವಂತಹದು.

ಇಂತಹ ನೀರಿನಲ್ಲಿ ಡಯಾನಾದ ಬೆಲೆ ಒಂದೆರಡು ವಾರಗಳಲ್ಲಿಯೇ ತಿಳಿದುಬಂದಿತು. ಗಾಳಿಯಿರಲಿ ಇಲ್ಲದಿರಲಿ, ನೀರು ಏರಲಿ ಇಳಿಯಲಿ, ಅದು ಹೊರಡಬೇಕೆಂದಾಗ ಹೊರಡುತ್ತಿತ್ತು. ನಿಂತುಹೋದ ಹಾಯಿಹಡಗುಗಳನ್ನು ಎಳೆದು ಶತ್ರುವಿನ ಕೋಟೆಯೆದುರು ತಕ್ಕ ಜಾಗದಲ್ಲಿ ನಿಲ್ಲಿಸುವುದು, ಮುಂದೆ ಹೋಗಿ ನದಿಯ ಆಳವನ್ನೂ ಶತ್ರುವಿನ ನೆಲೆಯನ್ನೂ ಅರಿತು ಬರುವುದು, ಸಿಪಾಯಿಗಳನ್ನು ದಡದಿಂದ ದಡಕ್ಕೆ ಸಾಗಿಸುವುದು, ಇವೇ ಅದರ ನಿತ್ಯದ ಕೆಲಸಗಳು. ಕಾದುವ ಕೆಲಸವೆಂದರೆ ಯುದ್ಧದೋಣಿಗಳನ್ನು ಬೆನ್ನಟ್ಟುವುದು. ಹುಟ್ಟುಗಾರರ ದೋಣಿ ಮೊದಲ ಓಟದಲ್ಲಿ ಹೊಗೆಹಡಗಿಗೆ ಸೋಲುವಂತಹದಲ್ಲ. ಆದರೆ ಬೆನ್ನಟ್ಟಿದವನು ದಣಿಯದೆ ಹಿಂದೆಯೇ ಬರುತ್ತಿದ್ದರೆ ಎಷ್ಟು ಹೊತ್ತು ಓಡುವುದು? ಹಲವರು ಕೈಸೋತು ದೋಣಿಗಳನ್ನು ಬಿಟ್ಟು ನೀರಿಗೆ ಹಾರಿದರು. ಹೊಗೆಯನ್ನು ಕಾರುತ್ತ, ಹಾಯಿಯಿಲ್ಲದೆ ಹುಟ್ಟಿಲ್ಲದೆ ಎದುರುನೀರಿಗೆ ಬರುವ ಈ ವಸ್ತುವನ್ನು ಅವರು ಬೆಂಕಿಯ ಪಿಶಾಚಿಯೆಂದು ಕರೆದರು.

ಹಾಯಿಯೂ ಹುಟ್ಟೂ ಇಲ್ಲದ ಹಡಗು ಐರಾವತಿಯಲ್ಲಿ ಮೇಲಕ್ಕೇರುವವರೆಗೆ ಆವಾ ರಾಜ್ಯಕ್ಕೆ ಸೋಲಿಲ್ಲವೆಂಬ ಹಳೆಯ ಭವಿಷ್ಯವಾಣಿಯೊಂದು ಅಲ್ಲಿ ಇದ್ದಿತೆಂದು ಆಂಗ್ಲರ ಬರಹಗಳಲ್ಲಿ ಬರುತ್ತದೆ. ಈ ಮಾತನ್ನು ನಂಬಲು ನನಗೆ ಅಷ್ಟು ಉತ್ಸಾಹವಿಲ್ಲ. ಗೆದ್ದವರು ಹೇಳುವ ಭವಿಷ್ಯವಾಣಿಗಳೆಲ್ಲ ಗೆದ್ದಮೇಲೆಯೇ ಹೊರಬರುತ್ತವೆ. ಹೆದರಿಕೆಯೇನೋ ನಿಜವಿರಬಹುದು. ಆದರೆ ಹೆದರಿದವರು ಎರಡು ವರ್ಷ ಕಾದಾಡಿದರು ಎಂಬುದೂ ಅಷ್ಟೇ ನಿಜ. ಅದನ್ನು ಯಾವ ಬರಹಗಾರನೂ ಅಲ್ಲಗಳೆದಿಲ್ಲ.

ಅವರಲ್ಲಿ ಅಗ್ರೇಸರನಾದವನು ಸೇನಾಪತಿ ಮಹಾ ಬಂಡೂಲ. ೧೮೨೪ರ ಡಿಸೆಂಬರಿನಲ್ಲಿ ಭಾರಿ ದಂಡಿನೊಡನೆ ರಂಗೂನನ್ನು ಮುತ್ತಿ, ಎರಡು ವಾರಗಳ ಕಾಲ ಹೋರಾಡಿ ಹಿಮ್ಮೆಟ್ಟಿದ ಈತನು ನದಿಯ ದಡದ ಡನುಬ್ಯು ಎಂಬಲ್ಲಿ ತೇಗದ ದಿಮ್ಮಿಗಳ ಬಲವಾದ ಕೋಟೆಯನ್ನು ಕಟ್ಟಿ ನಿಂತನು. ೧೮೨೫ರ ಮಾರ್ಚ್ ೭ರಂದು ಆಂಗ್ಲರ ಒಂದು ತುಕಡಿ ಅಲ್ಲಿ ಸೋತು ಹಿಂದಕ್ಕೆ ಸರಿಯಿತು. ಬೇರೊಂದು ದಾರಿಯಾಗಿ ಮುಂದೆ ಹೋಗಿದ್ದ ಕ್ಯಾಂಬೆಲ್ಲನು ಹಿಂದಿರುಗಬೇಕಾಯಿತು. ಮಾರ್ಚ್ ೨೭ರಂದು ಕೆಳಗಿನಿಂದ ಬಂದ ದೋಣಿಗಳ ಪಡೆ ಕೋಟೆಯ ಗುಂಡುಗಳ ಎದುರಿನಲ್ಲಿಯೇ ಹಾದು ಕ್ಯಾಂಬೆಲ್ಲನನ್ನು ಕೂಡಿಕೊಂಡಿತು. ಆ ದೃಶ್ಯವನ್ನು ತೋರಿಸುವ ಚಿತ್ರವೊಂದು ಆ ಕಾಲದಲ್ಲಿಯೇ ಅಚ್ಚಾಯಿತು. ಹಾಯಿಗಳ ಸಾಲಿನ ನಡುವೆ ಹೊಗೆಕೊಳವೆಯ ಡಯಾನಾವನ್ನು ಅದರಲ್ಲಿ ಗುರುತಿಸಬಹುದು. ಅಂದು ಕೋಟೆಯಿಂದ ಹೊರಬಿದ್ದ ಬ್ರಹ್ಮಸೈನ್ಯದಲ್ಲಿ ಯುದ್ಧದ ಆನೆಗಳಿದ್ದುವು. ಒಂದು ಕಡೆ ಅಂಬಾರಿ ಹೊತ್ತ ಆನೆ, ಮತ್ತೊಂದು ಕಡೆ ಹೊಗೆಯುಗುಳುವ ಯಂತ್ರ. ಎರಡು ಯುಗಗಳು ಒಂದೇ ಹೊಳೆಯ ದಡದಲ್ಲಿ ಮುಖಾಮುಖಿಯಾದ ದಿನ ಅದು.

ಏಪ್ರಿಲ್ ೧ರಂದು ಬಂಡೂಲನು ಕೋಟೆಯೊಳಗೆ ಮಡಿದನು. ಸಿಡಿಗುಂಡು ತಗಲಿತೆಂದು ಕೆಲವರೂ, ಅಗ್ನಿಬಾಣ ತಗಲಿತೆಂದು ಕೆಲವರೂ ಬರೆದಿದ್ದಾರೆ. ಎರಡನೆಯದು ನಿಜವಾಗಿದ್ದರೆ, ಮೈಸೂರಿನ ಬಾಣಗಾರನ ವಿದ್ಯೆ ಎಷ್ಟು ದೂರ ಹೋಗಿ ಯಾರ ಎದೆಯನ್ನು ಹೊಕ್ಕಿತೆಂಬುದನ್ನು ನಾವು ಯೋಚಿಸಬೇಕಾಗುತ್ತದೆ. ಮರುದಿನ ಕೋಟೆ ಬರಿದಾಗಿತ್ತು. ಏಪ್ರಿಲ್ ೨೫ರಂದು ಪ್ರೋಮ್ ಪಟ್ಟಣ ವಶವಾಯಿತು. ಮತ್ತೆ ಮಳೆ, ಮತ್ತೆ ಜ್ವರ. ಮುಂದಿನ ವರ್ಷದ ಆರಂಭದಲ್ಲಿ ಸೈನ್ಯ ಮೇಲಕ್ಕೆ ನಡೆದು ಮಲುನ್, ಪಗಾನ್‌ಗಳನ್ನು ಗೆದ್ದು, ರಾಜಧಾನಿಗೆ ಕೆಲವೇ ದಿನಗಳ ಪ್ರಯಾಣದಷ್ಟು ದೂರದಲ್ಲಿರುವ ಯಾಂಡಬೋ ಹಳ್ಳಿಯನ್ನು ಮುಟ್ಟಿತು. ಕಡಲಿನಿಂದ ನಾನೂರು ಮೈಲಿಗೂ ಹೆಚ್ಚು ಮೇಲೆ, ಹೂಗ್ಲಿಯ ಹೊಗೆದೋಣಿ ಅಲ್ಲಿಯೂ ಜೊತೆಗಿತ್ತು. ೧೮೨೬ನೆಯ ಫೆಬ್ರುವರಿ ೨೪ರಂದು ಅಲ್ಲಿ ಸಂಧಿಪತ್ರವಾಯಿತು. ಅರಾಕಾನ್, ತೆನಸ್ಸೆರಿಮ್ ಪ್ರಾಂತಗಳು ಕುಂಪಣಿಗೆ ಸೇರಿದುವು. ಅಸ್ಸಾಮಿನ ಮೇಲಿನ ಹಕ್ಕನ್ನು ಆವಾದ ಅರಸ ಬಿಟ್ಟುಕೊಟ್ಟನು. ಅದರ ಮೇಲೆ ಒಂದು ಕೋಟಿ ರೂಪಾಯಿ ದಂಡ.

ಇದೇ ಯುದ್ಧದಲ್ಲಿ ಇನ್ನೆರಡು ಹೊಗೆಹಡಗುಗಳೂ ಇದ್ದುವು. ಹೂಳೆತ್ತಲೆಂದು ೧೮೨೨ರಲ್ಲಿ ಕಟ್ಟಿದ್ದ ಪ್ಲೂಟೋ ಎಂಬುದಕ್ಕೆ ಫಿರಂಗಿಗಳನ್ನು ಏರಿಸಿ ೧೮೨೫ರಲ್ಲಿ ಅರಾಕಾನಿಗೆ ಕಳುಹಿಸಿದರು. ಎಂಟರ್‌ಪ್ರೈಸ್ ಎಂಬುದು ೧೮೨೫ರ ಆಗಸ್ಟಿನಲ್ಲಿ ಇಂಗ್ಲೆಂಡನ್ನು ಬಿಟ್ಟು ಆಫ್ರಿಕೆಯ ತುದಿಯನ್ನು ಸುತ್ತಿ ಡಿಸೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ಎಪ್ಪತ್ತು ದಿನಗಳಲ್ಲಿ ಬರಬೇಕೆಂದಿದ್ದುದು ನೂರಹದಿಮೂರು ದಿನ ತೆಗೆದುಕೊಂಡಿತು. ಸರಕಾರ ಅದನ್ನೂ ಕೊಂಡು ರಂಗೂನಿಗೂ ಕಲ್ಕತ್ತೆಗೂ ನಡುವೆ ಟಪ್ಪಾಲಿಗೆ ಹಾಕಿತು. ಇವುಗಳಿಗೆ ದೊರೆತ ಕೀರ್ತಿ ಅಲ್ಪ.

ಯುದ್ಧ ಮುಗಿದಮೇಲೆ ಡಯಾನಾ ಮಾಡಿದ ಒಂದು ಪ್ರಯಾಣ ನನ್ನ ಮಟ್ಟಿಗೆ ಅದರ ಸೇವಾಚರಿತ್ರೆಯ ಅತ್ಯಂತ ರಮ್ಯವಾದ ಭಾಗ. ೧೮೨೬ರ ಸೆಪ್ಟೆಂಬರಿನಲ್ಲಿ ಜಾನ್ ಕ್ರಾಫರ್ಡ್ ಎಂಬವನು ರಾಯಭಾರಿಯಾಗಿ ಇದೇ ನೌಕೆಯಲ್ಲಿ ರಂಗೂನಿನಿಂದ ಆವಾಕ್ಕೆ ಹೊರಟನು. ಕಲ್ಕತ್ತೆಯ ಸಸ್ಯೋದ್ಯಾನದ ಪ್ರಸಿದ್ಧ ಪಂಡಿತ ವಾಲಿಚ್ ಜೊತೆಗಿದ್ದನು. ಹೋಗುವಾಗ ನದಿಯಲ್ಲಿ ನೀರು ತುಂಬಿತ್ತು. ಒಂದು ತಿಂಗಳಿನೊಳಗೆ ರಾಜಧಾನಿ ಸೇರಿದರು. ಬಗ್ಯಿಡಾ ದೊರೆಯ ಆಸ್ಥಾನದಲ್ಲಿ ವ್ಯಾಪಾರದ ಒಪ್ಪಂದವನ್ನು ಮಾಡಿಕೊಂಡು ಡಿಸೆಂಬರಿನಲ್ಲಿ ಹಿಂದಿರುಗುವಾಗ ನೀರು ಇಳಿದಿತ್ತು. ಯುದ್ಧದಲ್ಲಿ ಯಾರಿಗೂ ಸೋಲದ ನೌಕೆ ಮರಳಿಗೆ ಸೋತಿತು. ಮತ್ತೆ ಮತ್ತೆ ದಿಬ್ಬ ಹತ್ತಿ ಕುಳಿತು, ಯೆನಾಂಗ್ಯಾಂಗಿನ ಎಣ್ಣೆಬಾವಿಗಳ ಸಮೀಪದಲ್ಲಿ ಹಲವು ದಿನ ಮಿಸುಕಾಡದೆ ನಿಂತುಬಿಟ್ಟಿತು. (ಆ ಬಾವಿಗಳನ್ನು ಊರವರು ಕೈಯಿಂದಲೇ ತೋಡುತ್ತಿದ್ದರು, ಉರಿಯುವ ತೆಪ್ಪಗಳ ಮೇಲಿನ ಕೊಡಗಳಲ್ಲಿದ್ದುದು ಇಂತಹ ಎಣ್ಣ್ಣೆಯೇ.) ಕೆಲಸವಿಲ್ಲದೆ ದಡದ ಗುಡ್ಡಗಳಲ್ಲಿ ಅಲೆದಾಡಿದ ಕ್ರಾಫರ್ಡನ ಸಂಗಡಿಗರಿಗೆ ಕಲ್ಲಾಗಿಹೋದ ಮೂಳೆಗಳೂ ಹಲ್ಲುಗಳೂ ರಾಶಿರಾಶಿಯಾಗಿ ಸಿಕ್ಕಿದುವು. ಪೆಟ್ಟಿಗೆಗಳಲ್ಲಿ ತುಂಬಿ ಅವನ್ನು ಲಂಡನ್ನಿಗೆ ಕಳುಹಿಸಲಾಯಿತು. ಕ್ಲಿಫ್ಟ್ ಮತ್ತು ಬಕ್ಲೆಂಡ್ ಎಂಬ ವಿದ್ವಾಂಸರು ಅವನ್ನು ಪರೀಕ್ಷಿಸಿ, ಅವುಗಳಲ್ಲಿ ಕೆಲವು ಮ್ಯಾಸ್ಟೊಡಾನ್ ಎಂಬ ಅಳಿದುಹೋದ ಆನೆಯ ಬಳಗದ ಪ್ರಾಣಿಗಳವೆಂದು ತೋರಿಸಿದರು. ಬ್ರಹ್ಮದೇಶದ ಪ್ರಾಚೀನ ಜೀವಿಗಳ ಅಧ್ಯಯನ ಹೀಗೆ ಹೊಗೆಹಡಗೊಂದು ಮರಳಿನಲ್ಲಿ ಹೂತುದರಿಂದ ಆರಂಭವಾಯಿತು.

ಅಲ್ಲಿಂದ ಮುಂದಿನದು ಸಾಮಾನ್ಯ ಚಾಕರಿ. ಮರದ ಒಡಲು ಉಷ್ಣದೇಶದ ನೀರಿನಲ್ಲಿ ಬಹುಕಾಲ ಬಾಳುವುದಿಲ್ಲ. ೧೮೩೦ರ ದಶಕದ ನಡುವಿನಲ್ಲಿ ಡಯಾನಾವನ್ನು ಕಳಚಿದರು. ಅದೇ ಹೆಸರಿನ ಇನ್ನೊಂದು ಹೊಗೆಹಡಗು ತರುವಾಯ ಮಲಾಕ್ಕಾ ಜಲಸಂಧಿಯಲ್ಲಿ ಕಡಲುಗಳ್ಳರನ್ನು ಹಿಡಿಯುವ ಕೆಲಸಕ್ಕೆ ಬಂದಿತು. ೧೮೩೮ರಲ್ಲಿ ದೂರದಿಂದ ಅದರ ಹೊಗೆಯನ್ನು ಕಂಡ ಕಳ್ಳರು, ಬೆಂಕಿ ಬಿದ್ದ ಹಾಯಿಹಡಗು ಸುಲಭವಾಗಿ ಸಿಕ್ಕಿತೆಂದು ಹಿಗ್ಗಿ ಹತ್ತಿರ ಬಂದರಂತೆ. ಅದು ಗಾಳಿಗೆದುರಾಗಿ ತಮ್ಮ ಮೇಲೆಯೇ ಬರುವುದನ್ನು ಕಂಡು ಚದರಿಹೋದರಂತೆ. ಈ ಎರಡನೆಯ ಡಯಾನಾವನ್ನೂ ಮೊದಲನೆಯದನ್ನೂ ಒಂದೇ ಎಂದು ಗೊಂದಲ ಮಾಡುವವರುಂಟು, ಓದುಗರು ಎಚ್ಚರದಿಂದಿರಬೇಕು. ಇನ್ನು ಆ ಯಂತ್ರಗಳು ಮೊದಲು ಹೋಗಿದ್ದ ಕ್ಯಾಂಟನ್ ನದಿ? ಅಲ್ಲಿ ಅವನ್ನು ಕೊಳ್ಳುವವರು ಸಿಕ್ಕದೆ ಇಪ್ಪತ್ತು ವರ್ಷಗಳು ಕಳೆದಮೇಲೆ, ೧೮೪೧ರಲ್ಲಿ, ಅಫೀಮಿನ ಯುದ್ಧದ ಕಾಲಕ್ಕೆ, ಕುಂಪಣಿಯ ಕಬ್ಬಿಣದ ಸಮರನೌಕೆ ನೆಮೆಸಿಸ್ ಉಗಿಯ ಬಲದಿಂದ ಅದೇ ನದಿಯನ್ನೇರಿತು.

ಐರಾವತಿಯಾದರೋ ಅನಂತರ ಹೊಗೆಹಡಗುಗಳ ಬೀದಿಯೇ ಆಯಿತು. ೧೮೫೨ರ ಎರಡನೆಯ ಯುದ್ಧದಲ್ಲಿ ಕೆಳಬ್ರಹ್ಮದೇಶ ಆಂಗ್ಲರ ಪಾಲಾಯಿತು. ೧೮೬೫ರಲ್ಲಿ ಐರಾವತಿ ಫ್ಲೊಟಿಲ್ಲಾ ಕಂಪೆನಿ ಸ್ಥಾಪಿತವಾಗಿ, ಬೆಳೆದು, ಆರುನೂರಕ್ಕೂ ಮಿಕ್ಕಿದ ನೌಕೆಗಳ ಒಡೆತನವನ್ನು ಪಡೆಯಿತು. ನದಿಯ ಮುಖಜಭೂಮಿಯ ಅಕ್ಕಿ ಈ ದೋಣಿಗಳಲ್ಲಿ ರಂಗೂನಿಗೆ ಇಳಿದು, ಅಲ್ಲಿಂದ ನಮ್ಮ ಪಡುಗಡಲಿನ ಮಲೆಯಾಳ ಕರಾವಳಿಯವರೆಗೂ ಬರುತ್ತಿತ್ತು. ೧೯೪೨ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದಾಗ ಆ ಅಕ್ಕಿ ನಿಂತಿತು. ಈ ಕರಾವಳಿಯ ಮನೆಗಳಲ್ಲಿ ಗಂಜಿ ತೆಳುವಾಯಿತು. ಅದೇ ಬೇಸಗೆಯಲ್ಲಿ ಕಂಪೆನಿಯವರು ಶತ್ರುವಿಗೆ ಸಿಕ್ಕಬಾರದೆಂದು ತಮ್ಮ ನೂರಾರು ನೌಕೆಗಳನ್ನು ತಾವೇ ಐರಾವತಿಯಲ್ಲಿ ಮುಳುಗಿಸಿದರು.

ಆ ಕಂಪೆನಿಯ ಹೊಗೆಹಡಗುಗಳ ಮೇಲೆಯೇ ೧೮೮೫ರ ನವಂಬರಿನಲ್ಲಿ ಆಂಗ್ಲಸೈನ್ಯ ಮಾಂಡಲೆಗೆ ಏರಿಹೋಗಿತ್ತು. ಈ ಸಲ ಎರಡು ವರ್ಷಗಳು ಬೇಕಾಗಲಿಲ್ಲ. ಎರಡು ವಾರಗಳು ಸಾಕಾದುವು. ಬಗ್ಯಿಡಾ ದೊರೆಯ ತಮ್ಮನ ಮೊಮ್ಮಗನಾದ ಥೀಬಾ ಅರಸನನ್ನು ರಾಣಿಯೊಡನೆ ಎತ್ತಿನಗಾಡಿಯಲ್ಲಿ ಹೊಳೆಯ ದಡಕ್ಕೆ ತಂದು, ಥೂರಿಯಾ ಎಂಬ ಹೊಗೆಹಡಗಿಗೆ ಏರಿಸಿ ರಂಗೂನಿಗೆ ಇಳಿಸಿದರು. ಅಲ್ಲಿಂದ ಮದರಾಸು, ಮದರಾಸಿನಿಂದ ೧೮೮೬ರಲ್ಲಿ ರತ್ನಾಗಿರಿ. ಮುಂಬಯಿಯಿಂದ ದಕ್ಷಿಣಕ್ಕೆ ಬರುವ ಕರಾವಳಿಯ ಹೊಗೆಹಡಗುಗಳು ಆ ಬಂದರಿನಲ್ಲಿ ನಿಂತು ಜನರನ್ನು ಇಳಿಸಿ ಹತ್ತಿಸಿ ಮುಂದೆ ಹೋಗುತ್ತಿದ್ದುವು. ಕಡಲಿಗೆ ಮುಖಮಾಡಿದ ಗುಡ್ಡದ ಮೇಲೆ ಸರಕಾರ ಅವನಿಗೆ ಕಟ್ಟಿಸಿಕೊಟ್ಟ ಅರಮನೆ ೧೯೧೦ರಲ್ಲಿ ಪೂರ್ತಿಯಾಯಿತು. ಮೂವತ್ತು ವರ್ಷಗಳನ್ನು ಆ ಊರಿನಲ್ಲಿ ಕಳೆದು ೧೯೧೬ರ ಡಿಸೆಂಬರಿನಲ್ಲಿ ಥೀಬಾ ಕಾಲವಾದನು. ಅವನ ಸಮಾಧಿ ರತ್ನಾಗಿರಿಯಲ್ಲಿಯೇ ಇದೆ.